ಹಿತ್ತಾಳೆಯಲ್ಲಿ ‘ನೆಮ್ಮದಿ’ ಕೊರೆಯುವುದು ಹೇಗೆ?

ಪ್ರಶ್ನೆ: ಕಾಲೇಜಿನಲ್ಲಿ ಪಾಠ ಮಾಡಿ ಈಗ ನಿವೃತ್ತಳಾಗಿದ್ದೇನೆ. ಮಗಳ ಹೊಸ ಮನೆಗೆ ‘ನೆಮ್ಮದಿ’ ಅಂತ ಹಿತ್ತಾಳೆಯ ಹೆಸರುಫಲಕವನ್ನು ನನ್ನ ಕೈಯಲ್ಲೇ ಕೊರೆದು ಕೊಡಬೇಕು ಅಂತ ಆಸೆ. ಆನ್‌ಲೈನಿನಲ್ಲಿ ಅಕ್ಕಸಾಲಿಗರ ಗರಗಸ, ಒಂದು ಡಜನ್ ಬ್ಲೇಡ್, ಹತ್ತು ಸಣ್ಣ ಅರಗಳ ಸೆಟ್ ಮತ್ತು ಡಿಜಿಟಲ್ ಕ್ಯಾಲಿಪರ್ ತರಿಸಿದೆ. ‘ನೆ’ ಅರ್ಧ ಆಗುವಷ್ಟರಲ್ಲಿ ಹನ್ನೊಂದು ಬ್ಲೇಡ್ ಮುರಿದವು. ಅರಗಳು ಹಿತ್ತಾಳೆಯ ಮೇಲೆ ಜಾರುತ್ತವೆ. ಕ್ಯಾಲಿಪರ್ ಒಂದೊಂದು ಸಲ ಒಂದೊಂದು ಅಳತೆ ತೋರಿಸುತ್ತದೆ. ನಾನು ಕೊಂಡಿದ್ದೇ ತಪ್ಪಾಯಿತೇ? ಇನ್ನೂ ದುಬಾರಿ ಸಾಮಾನು ಬೇಕೇ? ಅಥವಾ ಮೋಟಾರಿನ ಉಪಕರಣ ತರಿಸಲೇ?

ಉತ್ತರ: ಸದ್ಯಕ್ಕೆ ದೊಡ್ಡದೇನೂ ಕೊಳ್ಳಬೇಡಿ. ಮೋಟಾರಿನದ್ದಂತೂ ಬೇಡವೇ ಬೇಡ. ನಿಮ್ಮ ಪಟ್ಟಿಯಲ್ಲಿ ನನಗೆ ಕಾಣದೇ ಹೋದದ್ದು ಒಂದು ಮರದ ತುಂಡು. ಅಕ್ಕಸಾಲಿಗರ ಮೇಜಿನಿಂದ ಮುಂದಕ್ಕೆ ಚಾಚಿಕೊಂಡ, ನಡುವೆ ‘ವಿ’ ಆಕಾರಕ್ಕೆ ಕತ್ತರಿಸಿದ ಹಲಗೆಯೊಂದನ್ನು ನೀವು ನೋಡಿರಬಹುದು. ಅದಕ್ಕೆ ಬೆಂಚ್ ಪಿನ್ ಅನ್ನುತ್ತಾರೆ. ನೀವು ಬಹುಶಃ ತಗಡನ್ನು ಊಟದ ಮೇಜಿನ ಅಂಚಿಗೆ ಇಟ್ಟು, ಒಂದು ಕೈಯಲ್ಲಿ ಒತ್ತಿ ಹಿಡಿದು ಕೊರೆದಿದ್ದೀರಿ. ಹನ್ನೊಂದು ಬ್ಲೇಡ್ ಹೋಗಿದ್ದು ಅದರಿಂದಲೇ ಇರಬೇಕು.

ಯಾಕೆ ಅಂತ ಹೇಳುತ್ತೇನೆ. ಈ ಗರಗಸದಲ್ಲಿ ಸಾಮಾನ್ಯವಾಗಿ ಹಾಕುವ 2/0 ಬ್ಲೇಡಿನ ದಪ್ಪ 0.26 ಮಿ.ಮೀ. ಮೂರು ಹಾಳೆ ಕಾಗದವನ್ನು ಒಂದರ ಮೇಲೊಂದು ಇಟ್ಟಷ್ಟೂ ಇಲ್ಲ. ಅಗಲ ಸುಮಾರು 0.52 ಮಿ.ಮೀ. ಹಲ್ಲುಗಳು ಹಿಡಿಯ ಕಡೆಗೆ ಮುಖ ಮಾಡಿರುತ್ತವೆ, ಅಂದರೆ ಕೆಳಕ್ಕೆ ಎಳೆಯುವಾಗ ಮಾತ್ರ ಕೊರೆಯುತ್ತದೆ. ಎಳೆಯುವಾಗ ಗರಗಸವೇ ತಗಡನ್ನು ಹಲಗೆಗೆ ಒತ್ತುತ್ತದೆ, ಆಗ ಅಪಾಯ ಕಮ್ಮಿ. ಗರಗಸ ಮೇಲಕ್ಕೆ ಹೋಗುವಾಗ ತಗಡೂ ಅದರ ಜೊತೆ ಏಳಲು ನೋಡುತ್ತದೆ. ಒಂದು ಕೂದಲೆಳೆಯಷ್ಟು ಎದ್ದು ಓರೆಯಾದರೂ ಸಾಕು, ಬ್ಲೇಡ್ ಸೀಳಿನಲ್ಲಿ ಸಿಕ್ಕಿಕೊಂಡು ಬಾಗುತ್ತದೆ. ಗಟ್ಟಿ ಉಕ್ಕು ಹೆಚ್ಚು ಬಾಗುವುದಿಲ್ಲ, ಟಕ್ಕನೆ ಮುರಿಯುತ್ತದೆ. ಹಾಗಾಗಿ ಎಡಗೈ ತಗಡನ್ನು ಗಟ್ಟಿಯಾಗಿ ಒತ್ತಬೇಕಾದದ್ದು ಗರಗಸ ಮೇಲೇರುವಾಗ. ಹೆಚ್ಚಿನವರು ಕೆಳಕ್ಕೆ ಎಳೆಯುವಾಗ ಒತ್ತಿ, ಮೇಲೇರುವಾಗ ಸಡಿಲ ಬಿಡುತ್ತಾರೆ.

ನಾನು ಕೆಲಸ ಕಲಿತದ್ದು ಒಬ್ಬ ಹಿರಿಯ ಅಕ್ಕಸಾಲಿಗರ ಹತ್ತಿರ. ನನ್ನ ಬ್ಲೇಡ್ ಮುರಿದಾಗ ಅವರು ತಮ್ಮ ಕೆಲಸದಿಂದ ತಲೆ ಎತ್ತದೆಯೇ “ತಗಡು ಎದ್ದಿತು” ಅನ್ನುತ್ತಿದ್ದರು. ಇಲ್ಲವೇ “ಕೈ ತಿರುಗಿತು” ಅನ್ನುತ್ತಿದ್ದರು. ಮುರಿದ ಶಬ್ದದಲ್ಲೇ ಅವರಿಗೆ ಕಾರಣ ಗೊತ್ತಾಗುತ್ತಿತ್ತು. ಒಂದು ತಿಂಗಳಾದ ಮೇಲೆ ನನಗೂ ಆ ವ್ಯತ್ಯಾಸ ಕೇಳಿಸಲು ಶುರುವಾಯಿತು. ನಿಮಗೂ ಕೇಳಿಸುತ್ತದೆ.

ಬೆಂಚ್ ಪಿನ್ ಮನೆಯಲ್ಲೇ ಆಗುತ್ತದೆ. ಎರಡು ಸೆಂ.ಮೀ. ದಪ್ಪದ ಗಟ್ಟಿ ಮರದ ತುಂಡು, ಆರೇಳು ಸೆಂ.ಮೀ. ಅಗಲ, ಹದಿನೈದು ಸೆಂ.ಮೀ. ಉದ್ದ ಇದ್ದರೆ ಸಾಕು. ಯಾವುದೇ ಬಡಗಿಯ ಅಂಗಡಿಯ ಚೂರುಗಳಲ್ಲಿ ಸಿಗುತ್ತದೆ. ಒಂದು ತುದಿಯಿಂದ ಐದಾರು ಸೆಂ.ಮೀ. ಒಳಕ್ಕೆ ವಿ ಆಕಾರದ ಸೀಳು ಮಾಡಿಸಿ, ಸೀಳಿನ ಕೊನೆಯಲ್ಲಿ ಬೆರಳು ದಪ್ಪದ ಒಂದು ತೂತು. ಅದನ್ನು ಜಿ-ಕ್ಲಾಂಪಿನಿಂದ ಮೇಜಿಗೆ ಬಿಗಿಯಿರಿ. ಬ್ಲೇಡ್ ಆ ಸೀಳಿನಲ್ಲಿ ಓಡಾಡುತ್ತದೆ, ತಗಡಿಗೆ ಬ್ಲೇಡಿನ ಎರಡೂ ಪಕ್ಕ ಆಸರೆ ಸಿಗುತ್ತದೆ. ಮೇಜಿನ ಅಂಚಿನಲ್ಲಿ ಒಂದೇ ಪಕ್ಕ ಆಸರೆ ಇತ್ತು, ಅಲ್ವಾ?

ಇನ್ನು ಎತ್ತರ. ಪಿನ್ ನಿಮ್ಮ ಎದೆಯ ಮಟ್ಟಕ್ಕೆ ಬರಬೇಕು. ಮೇಜನ್ನು ಎತ್ತರಿಸುವುದು ಕಷ್ಟ, ಕುರ್ಚಿ ಬಿಟ್ಟು ಚಿಕ್ಕ ಸ್ಟೂಲ್ ಹಾಕಿಕೊಳ್ಳುವುದು ಸುಲಭ. ಮೇಜು 75 ಸೆಂ.ಮೀ. ಇದ್ದರೆ ನಲವತ್ತು ಸೆಂ.ಮೀ. ಸ್ಟೂಲ್ ಸರಿಹೋಗುತ್ತದೆ. ಆಗ ಬೆನ್ನು ಬಗ್ಗಿಸದೆ ಗೆರೆ ಕಾಣುತ್ತದೆ, ಮೊಣಕೈಯಿಂದ ಕೆಳಗಿನ ತೋಳು ನೇರವಾಗಿ ಮೇಲೆ ಕೆಳಗೆ ಆಡುತ್ತದೆ. ಬಗ್ಗಿ ಕೂತರೆ ಗರಗಸ ಓರೆಯಾಗುತ್ತದೆ. ಓರೆಯಾದ ಗರಗಸ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಸಂಜೆಗೆ ಸೊಂಟವೂ ನೋಯುತ್ತದೆ.

ಬ್ಲೇಡ್ ಹಾಕುವ ರೀತಿಯಲ್ಲೂ ತಪ್ಪಾಗಿರಬಹುದು. ಚೌಕಟ್ಟಿನಲ್ಲಿ ಬ್ಲೇಡನ್ನು ಕಚ್ಚಿ ಹಿಡಿಯುವ ಎರಡು ಹಿಡಿಕೆಗಳ ನಡುವಿನ ಅಂತರವನ್ನು ಮೊದಲು ಹೊಂದಿಸಿ. ಮೇಲಿನ ಹಿಡಿಕೆಗೆ ಸಿಕ್ಕಿಸಿದ ಬ್ಲೇಡ್ ಕೆಳಗಿನದರ ಬಾಯಿಯವರೆಗೆ ಬರಬೇಕು, ಅದರೊಳಕ್ಕೆ ಪೂರ್ತಿ ಹೋಗಬಾರದು. ಹಲ್ಲುಗಳು ಚೌಕಟ್ಟಿನಿಂದ ಹೊರಗೆ, ಹಿಡಿಯ ಕಡೆಗೆ ಮುಖ ಮಾಡಿರಲಿ. ಕಣ್ಣಿಗೆ ಕಾಣದಿದ್ದರೆ ಬ್ಲೇಡನ್ನು ಸೀರೆಯ ಸೆರಗಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಒಂದು ದಿಕ್ಕಿಗೆ ಜಾರುತ್ತದೆ, ಇನ್ನೊಂದಕ್ಕೆ ಹಿಡಿಯುತ್ತದೆ. ಆಮೇಲೆ ಚೌಕಟ್ಟಿನ ತಲೆಯನ್ನು ಪಿನ್ನಿಗೆ ಆನಿಸಿ, ಹಿಡಿಯನ್ನು ಎದೆಯಿಂದ ಒತ್ತಿ. ಚೌಕಟ್ಟು ನಾಲ್ಕೈದು ಮಿ.ಮೀ. ಬಾಗುತ್ತದೆ. ಆಗ ಕೆಳಗಿನ ತಿರುಪು ಬಿಗಿದು, ಒತ್ತಡ ಬಿಡಿ. ಉಗುರಿನಿಂದ ಮೀಟಿದರೆ ತಂಬೂರಿಯ ತಂತಿಯ ಹಾಗೆ ಸ್ಪಷ್ಟವಾದ ಸಣ್ಣ ದನಿ ಬರಬೇಕು. ಡಬ್ ಅಂದರೆ ಸಡಿಲ, ಮತ್ತೆ ಹಾಕಿ. ಸಡಿಲ ಬ್ಲೇಡು ಬಿಗಿ ಬ್ಲೇಡಿಗಿಂತ ಬೇಗ ಮುರಿಯುತ್ತದೆ, ಏಕೆಂದರೆ ಅದು ಗೆರೆ ಬಿಟ್ಟು ಅಲೆಯುತ್ತದೆ ಮತ್ತು ನೀವು ಅದನ್ನು ತಿರುಚಿ ಗೆರೆಗೆ ತರಲು ನೋಡುತ್ತೀರಿ.

ನಂಬರಿನ ವಿಷಯ. 2/0 ಅಂದರೆ ಎರಡು ಸೊನ್ನೆ. ಸೊನ್ನೆ ಜಾಸ್ತಿಯಾದಷ್ಟೂ ಬ್ಲೇಡ್ ತೆಳ್ಳಗೆ. 8/0 ಬರೀ 0.16 ಮಿ.ಮೀ. ಸೊನ್ನೆಯಾದ ಮೇಲೆ 1, 2, 3 ಅಂತ ದಪ್ಪವಾಗುತ್ತಾ ಹೋಗುತ್ತದೆ. ತಗಡಿನ ದಪ್ಪದಲ್ಲಿ ಯಾವಾಗಲೂ ಎರಡು ಹಲ್ಲಾದರೂ ಇರಬೇಕು. ಅದಕ್ಕಿಂತ ಕಮ್ಮಿಯಾದರೆ ತಗಡಿನ ಅಂಚು ಎರಡು ಹಲ್ಲಿನ ನಡುವೆ ಕೂತುಬಿಡುತ್ತದೆ, ಅಲ್ಲಿಗೆ ಕೆಲಸ ನಿಂತಿತು. 2/0 ಬ್ಲೇಡಿನಲ್ಲಿ ಸೆಂ.ಮೀ.ಗೆ ಸುಮಾರು 22 ಹಲ್ಲು. ನಮ್ಮ ಅಂಗಡಿಗಳಲ್ಲಿ ತಗಡನ್ನು ಗೇಜಿನ ಲೆಕ್ಕದಲ್ಲಿ ಕೊಡುತ್ತಾರೆ. 20 ಗೇಜ್ ಅಂದರೆ ಸುಮಾರು 0.9 ಮಿ.ಮೀ., 18 ಗೇಜ್ ಸುಮಾರು 1.2. ನಿಮ್ಮ ಫಲಕಕ್ಕೆ 20 ಗೇಜ್ ತೆಗೆದುಕೊಳ್ಳಿ, 2/0 ಬ್ಲೇಡ್ ಅದಕ್ಕೆ ಸರಿಯಾಗಿ ಹೊಂದುತ್ತದೆ. 30 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ತಗಡು ಕಾಲು ಕೆ.ಜಿ.ಗೂ ಸ್ವಲ್ಪ ಕಮ್ಮಿ ತೂಗುತ್ತದೆ. ನಿಮಗೆ ಬಂದ ಪೊಟ್ಟಣದ ಮೇಲೆ ನಂಬರ್ ಇಲ್ಲದಿದ್ದರೆ ಉಳಿದಿರುವ ಆ ಒಂದು ಬ್ಲೇಡನ್ನು ಸ್ಕೇಲಿನ ಪಕ್ಕ ಇಟ್ಟು ಭೂತಗನ್ನಡಿಯಲ್ಲಿ ಹಲ್ಲು ಎಣಿಸಿ. ಹದಿನೈದೋ ಹದಿನಾರೋ ಬಂದರೆ ಅದು ನಿಮ್ಮ ತಗಡಿಗೆ ಒರಟಾಯಿತು. ನಿಮ್ಮೂರಿನಲ್ಲಿ ಅಕ್ಕಸಾಲಿಗರಿಗೆ ಸಾಮಾನು ಮಾರುವ ಅಂಗಡಿ ಖಂಡಿತ ಇರುತ್ತದೆ. ಅಲ್ಲಿ ನಂಬರ್ ಹೇಳಿ ಎರಡು ಡಜನ್ ತನ್ನಿ. ಅನುಭವಿಗಳ ಕೈಯಲ್ಲೂ ಬ್ಲೇಡ್ ಮುರಿಯುತ್ತದೆ, ಅದಕ್ಕೇ ಅದನ್ನು ಡಜನ್ ಲೆಕ್ಕದಲ್ಲಿ ಮಾರುವುದು.

ಈಗ ಅಕ್ಷರಗಳಿಗೆ ಬರೋಣ. ನನಗೆ ಇಷ್ಟವಾದ ಭಾಗ ಇದು. ಗರಗಸ ಕಲಿಸುವ ಪಾಠಗಳೆಲ್ಲ ಇಂಗ್ಲಿಷ್ ಅಕ್ಷರಗಳನ್ನು ಇಟ್ಟುಕೊಂಡಿರುತ್ತವೆ. ನೇರ ಗೆರೆ, ಚೂಪು ಮೂಲೆ, ಆಮೇಲೆ ಒಂದಿಷ್ಟು ದುಂಡು. ಕನ್ನಡದಲ್ಲಿ ನೇರ ಗೆರೆಯೇ ಅಪರೂಪ. ‘ನೆಮ್ಮದಿ’ಯಲ್ಲಿ ಮೊದಲಿಂದ ಕೊನೆಯವರೆಗೆ ತಿರುವೇ ತಿರುವು. ಹಾಗಾಗಿ ನೀವು ಕಲಿಯಬೇಕಾದ ಮುಖ್ಯ ಕೌಶಲ ಎಡಗೈಯದ್ದು. ಗರಗಸ ಒಂದೇ ಜಾಗದಲ್ಲಿ, ಒಂದೇ ದಿಕ್ಕಿಗೆ ಮುಖ ಮಾಡಿ ಮೇಲೆ ಕೆಳಗೆ ಆಡುತ್ತಿರಲಿ. ತಿರುವು ಬಂದಾಗ ತಗಡನ್ನು ತಿರುಗಿಸಿ. ಹೊಲಿಗೆ ಯಂತ್ರದಲ್ಲಿ ಸೂಜಿ ನಿಂತಲ್ಲೇ ಆಡುತ್ತದೆ, ನಾವು ಬಟ್ಟೆ ತಿರುಗಿಸುತ್ತೇವೆ. ಅದೇ ಅಭ್ಯಾಸ ಇಲ್ಲೂ ಬೇಕು.

ಚೂಪು ಮೂಲೆ ಬಂದರೆ ಮುಂದಕ್ಕೆ ಒತ್ತುವುದನ್ನು ಪೂರ್ತಿ ನಿಲ್ಲಿಸಿ. ಗರಗಸ ಮಾತ್ರ ಆಡಿಸುತ್ತಾ ಇರಿ. ಬ್ಲೇಡಿನ ಬೆನ್ನು ಸೀಳಿನ ಹಿಂಬದಿಗೆ ತಾಗುವ ಹಾಗೆ ಹಗುರವಾಗಿ ಇಟ್ಟುಕೊಂಡು, ತಗಡನ್ನು ನಿಧಾನವಾಗಿ ತಿರುಗಿಸಿ. ಬ್ಲೇಡ್ ತಾನು ತಿರುಗುವಷ್ಟು ಜಾಗ ಮಾಡಿಕೊಳ್ಳುತ್ತದೆ. ಆರೇಳು ಸಲ ಆಡಿಸುವ ಹೊತ್ತಿಗೆ ಹೊಸ ದಿಕ್ಕಿಗೆ ಬಂದಿರುತ್ತದೆ. ಅವಸರದಲ್ಲಿ ಒಮ್ಮೆಗೇ ತಿರುಗಿಸಿದರೆ ನಮ್ಮ ಗುರುಗಳು ಹೇಳುತ್ತಿದ್ದ ಎರಡನೆಯ ಮಾತು ನೆನಪಾಗುತ್ತದೆ, ಕೈ ತಿರುಗಿತು.

ಮುಂದಕ್ಕೆ ಒತ್ತುವ ಬಲ ಎಷ್ಟಿರಬೇಕು? ಹೆಚ್ಚುಕಮ್ಮಿ ಇಲ್ಲವೇ ಇಲ್ಲ ಅನ್ನುವಷ್ಟು. ಹಿಡಿಯನ್ನು ಹಕ್ಕಿಮರಿ ಹಿಡಿದ ಹಾಗೆ ಹಿಡಿಯಿರಿ. ಬ್ಲೇಡಿನ ಪೂರ್ತಿ ಉದ್ದ ಬಳಸಿ, ನಡುವಿನ ಎರಡು ಇಂಚಿನಲ್ಲೇ ಗಡಿಬಿಡಿ ಮಾಡಬೇಡಿ. ಆಗಾಗ ಬ್ಲೇಡಿನ ಬೆನ್ನಿಗೆ ಜೇನುಮೇಣ ಸವರಿ. ಮೇಣದಬತ್ತಿಯೂ ನಡೆಯುತ್ತದೆ. ಬ್ಲೇಡ್ ಮುಂದೆ ಹೋಗುತ್ತಿಲ್ಲ, ಸ್ವಲ್ಪ ಒತ್ತೋಣ ಅಂತ ಅನಿಸಿದ ಕ್ಷಣ ನಿಲ್ಲಿಸಿ, ಹೊಸ ಬ್ಲೇಡ್ ಹಾಕಿ. ಸವೆದ ಬ್ಲೇಡನ್ನು ಉಳಿಸಲು ಹೋಗಿ ಅಕ್ಷರ ಕೆಡಿಸಿಕೊಂಡವರನ್ನು ತುಂಬಾ ನೋಡಿದ್ದೇನೆ.

ಕೊರೆಯುವ ಮೊದಲು ಒಂದು ತೀರ್ಮಾನ ಮಾಡಬೇಕು. ತಗಡಿನಲ್ಲಿ ಅಕ್ಷರದ ಆಕಾರಕ್ಕೆ ತೂತು ಮಾಡುತ್ತೀರಾ, ಅಥವಾ ಅಕ್ಷರವನ್ನೇ ಕತ್ತರಿಸಿ ತೆಗೆದು ಮರದ ಹಲಗೆಯ ಮೇಲೆ ಕೂರಿಸುತ್ತೀರಾ? ತೂತು ಮಾಡುವ ರೀತಿಯಲ್ಲಿ ಕನ್ನಡ ತೊಂದರೆ ಕೊಡುತ್ತದೆ. ‘ದಿ’ಯ ಗುಡಿಸಿನ ಸುತ್ತು ಕೊರೆದರೆ ಒಳಗಿನ ಚೂರು ಉದುರಿಹೋಗುತ್ತದೆ. ಅದನ್ನು ಹಿಡಿದಿಡಲು ಒಂದೂವರೆ ಮಿ.ಮೀ. ಅಗಲದ ಸೇತುವೆ ಬಿಡಬೇಕು, ಆಗ ಅಕ್ಷರದ ಚಂದ ಕೆಡುತ್ತದೆ. ‘ಮಠ’ ಅಂತ ಕೊರೆಯುವವರ ಕಷ್ಟ ಇನ್ನೂ ಜಾಸ್ತಿ, ‘ಠ’ದ ಸುತ್ತಿನೊಳಗೆ ಚುಕ್ಕಿ ಬೇರೆ ಇದೆ. ಅಕ್ಷರವನ್ನೇ ಕತ್ತರಿಸಿ ತೆಗೆಯುವ ರೀತಿಯಲ್ಲಿ ಒಂದೇ ಸಮಸ್ಯೆ, ‘ಮ’ದ ಒತ್ತಕ್ಷರ ಬೇರೆ ತುಂಡಾಗಿ ಬರುತ್ತದೆ. ಅದನ್ನು ಹಲಗೆಯ ಮೇಲೆ ಅಳತೆ ನೋಡಿ ಕೂರಿಸಿದರೆ ಆಯಿತು. ನನ್ನ ಆಯ್ಕೆ ಇದೇ. ಸಾಗುವಾನಿ ಹಲಗೆಯ ಮೇಲೆ ಹಿತ್ತಾಳೆ ಅಕ್ಷರ ನೋಡಲು ತುಂಬಾ ಚೆನ್ನ.

ಅಕ್ಷರದ ಎತ್ತರ ಆರು ಸೆಂ.ಮೀ. ಇರಲಿ. ಗೆರೆಯ ದಪ್ಪ ಎಲ್ಲ ಕಡೆ ಒಂದೇ ಸಮ ಇರುವ ಅಕ್ಷರ ಶೈಲಿ ಆರಿಸಿಕೊಳ್ಳಿ, ನಾಲ್ಕು ಮಿ.ಮೀ.ಗಿಂತ ಸಣ್ಣಗೆ ಮಾಡಬೇಡಿ. ಕಾಗದದ ಮೇಲೆ ಮುದ್ರಿಸಿ ತಗಡಿಗೆ ಅಂಟಿಸುವುದು ಸುಲಭದ ದಾರಿ. ಅದಕ್ಕೆ ಮೊದಲು ತಗಡನ್ನು ಮನೆಯ ಹಿತ್ತಾಳೆ ಪಾತ್ರೆ ತೊಳೆಯುವ ಹಾಗೆಯೇ ಹುಣಸೆಹಣ್ಣಿನಿಂದ ಉಜ್ಜಿ, ಸೋಪಿನಿಂದ ತೊಳೆದು ಒರೆಸಿ. ಆಮೇಲೆ ಬೆರಳು ತಾಗಿಸಬೇಡಿ. ಬೆರಳಿನ ಜಿಡ್ಡು ಇದ್ದಲ್ಲಿ ಅಂಟು ಬಿಡುತ್ತದೆ, ಕೊರೆಯುವಾಗ ಕಾಗದ ಸುರುಳಿ ಸುತ್ತಿ ಗೆರೆಯೇ ಹೋಗುತ್ತದೆ.

ಕಾಗದ ಬೇಡ, ನೇರವಾಗಿ ಬರೆಯುತ್ತೇನೆ ಅಂದರೆ ಬೀದರಿನ ಬಿದ್ರಿ ಕುಶಲಕರ್ಮಿಗಳ ಹತ್ತಿರ ಒಳ್ಳೆಯ ಉಪಾಯ ಇದೆ. ಅವರ ಲೋಹ ಸತು ಜಾಸ್ತಿ, ತಾಮ್ರ ಕಮ್ಮಿ ಇರುವ ಮಿಶ್ರಣ. ನುಣುಪು ಮಾಡಿದ ಪಾತ್ರೆಗೆ ಅವರು ಮೊದಲು ಮೈಲುತುತ್ತದ ನೀರು ಸವರುತ್ತಾರೆ. ಮೇಲ್ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಅದರ ಮೇಲೆ ಚೂಪು ಮೊಳೆಯಂಥ ಉಪಕರಣದಿಂದ ಬಳ್ಳಿ ಹೂವು ಬರೆದರೆ ಗೀರು ಬೆಳ್ಳಗೆ ಹೊಳೆಯುತ್ತದೆ. ಉಳಿ ಆಮೇಲೆ ಆ ಗೀರಿನ ಮೇಲೆ ಹೋಗುತ್ತದೆ. ಹಿತ್ತಾಳೆಗೆ ನೀವು ಮೈಲುತುತ್ತದ ಬದಲು ಕಪ್ಪು ಮಾರ್ಕರ್ ಪೆನ್ನು ಬಳಿದು, ಒಣಗಿದ ಮೇಲೆ ಗೀರಿ. ಪೆನ್ಸಿಲಿನ ಗೆರೆ ಅರ್ಧ ಮಿ.ಮೀ. ದಪ್ಪ, ಅದರ ಯಾವ ಅಂಚಿಗೆ ಕೊರೆಯಬೇಕು ಅನ್ನುವುದೇ ಗೊಂದಲ. ಗೀರಿನಲ್ಲಿ ಆ ಗೊಂದಲ ಇಲ್ಲ. ಗೀರಲು ಕ್ಯಾಲಿಪರಿನ ತುದಿ ಮಾತ್ರ ಬಳಸಬೇಡಿ, ತುದಿ ಸವೆದರೆ ಅಳತೆಯೇ ಹೋಯಿತು.

ಮೊದಲು ಒಳಗಿನ ತೂತುಗಳು, ಆಮೇಲೆ ಹೊರಗಿನ ಅಂಚು. ‘ದಿ’ಯ ಸುತ್ತಿನೊಳಕ್ಕೆ ಬ್ಲೇಡ್ ತೂರಿಸಲು ಒಂದು ಮಿ.ಮೀ. ತೂತು ಬೇಕು. ಸೆಂಟರ್ ಪಂಚ್ ಅನ್ನುವ ಚೂಪು ತುದಿಯ ಉಕ್ಕಿನ ಕಡ್ಡಿಯಿಂದ ಒಂದು ಚುಕ್ಕಿ ಕುಟ್ಟಿ, ತಗಡನ್ನು ಮರದ ಮೇಲಿಟ್ಟು ಕ್ಲಾಂಪ್ ಹಾಕಿ, ಪಿನ್ ವೈಸಿನಲ್ಲಿ ಸಣ್ಣ ಡ್ರಿಲ್ ಬಿಟ್ ಹಿಡಿದು ಕೈಯಿಂದಲೇ ತಿರುಗಿಸಿ. ಪಿನ್ ವೈಸ್ ಅಂದರೆ ಬೆರಳುಗಳ ನಡುವೆ ತಿರುಗಿಸುವ ಪೆನ್ನಿನಂಥ ಸಾಧನ, ಅಗ್ಗದ್ದು ಸಾಕು. ಕೈಯಲ್ಲಿ ತಗಡು ಹಿಡಿದು ವಿದ್ಯುತ್ ಡ್ರಿಲ್ ಹಾಕಲೇಬೇಡಿ. ಹಿತ್ತಾಳೆ ಬಿಟ್ಟನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ತೂತು ಆಚೆ ದಾಟುವ ಹೊತ್ತಿಗೆ ಬಿಟ್ ಕಚ್ಚಿಕೊಂಡು ತಗಡೇ ಗರಗರ ತಿರುಗುತ್ತದೆ, ಅದರ ಅಂಚು ಕತ್ತಿಯಂತೆ ಬೆರಳಿಗೆ ಬೀಳುತ್ತದೆ. ಕೊರೆಯುವಾಗ ಕನ್ನಡಕ ಹಾಕಿಕೊಂಡೇ ಇರಿ. ಮುರಿದ ಬ್ಲೇಡಿನ ಚೂರು ಎತ್ತ ಹಾರುತ್ತದೆ ಅಂತ ಹೇಳಲಾಗದು. ಹಿತ್ತಾಳೆ ಪುಡಿಯನ್ನು ಊದಬೇಡಿ, ಬ್ರಷ್ಷಿನಿಂದ ಗುಡಿಸಿ.

ಗೀರಿನ ಮೇಲೆಯೇ ಕೊರೆಯಬೇಡಿ, ಕತ್ತರಿಸಿ ತೆಗೆದುಹಾಕುವ ಭಾಗದ ಕಡೆಗೆ ಕೊರೆಯಿರಿ. ಗೀರು ಉಳಿಯಬೇಕು, ಅದರ ಪಕ್ಕ ಕಾಲು ಮಿ.ಮೀ.ನಷ್ಟು ಹಿತ್ತಾಳೆ ಉಳಿಯಬೇಕು. ಅದನ್ನು ತೆಗೆಯುವುದು ಅರದ ಕೆಲಸ.

ಅರಗಳು ಜಾರುವುದಕ್ಕೆ ಕಾರಣ ನಾನು ಊಹಿಸಬಲ್ಲೆ. ನಿಮ್ಮ ಹತ್ತು ಅರಗಳ ಮೇಲ್ಮೈ ಮುಟ್ಟಿ ನೋಡಿ. ಸಾಲಾಗಿ ಕೆತ್ತಿದ ಹಲ್ಲುಗಳಿಲ್ಲದೆ ಉಪ್ಪುಕಾಗದದ ಹಾಗೆ ಹರಳುಹರಳಾಗಿದ್ದರೆ ಅವು ವಜ್ರದ ಪುಡಿ ಹಚ್ಚಿದವು. ಅಗ್ಗದ ಸೆಟ್ಟುಗಳಲ್ಲಿ ಹೆಚ್ಚಾಗಿ ಅವೇ ಬರುತ್ತವೆ. ಗಟ್ಟಿ ಉಕ್ಕು, ಗಾಜು, ಪಿಂಗಾಣಿಗೆ ಅವು ಒಳ್ಳೆಯವು. ಹಿತ್ತಾಳೆಯಲ್ಲಿ ಬೇಗ ಪುಡಿ ತುಂಬಿಕೊಂಡು ಜಾರುತ್ತವೆ. ನಿಮಗೆ ಬೇಕಾದದ್ದು ಕೆತ್ತಿದ ಹಲ್ಲಿನ ಅರ, ಎರಡನೇ ನಂಬರಿನ ಒರಟುತನ. ಹತ್ತು ಬೇಡ, ಮೂರು ಸಾಕು: ಒಂದು ಅರ್ಧ ದುಂಡಿನದ್ದು, ಒಂದು ಪೂರ್ತಿ ದುಂಡಿನದ್ದು, ಒಂದು ಮುಮ್ಮೂಲೆಯದ್ದು. ಇದಕ್ಕೆ ಮಾತ್ರ ಸ್ವಲ್ಪ ಹಣ ಹಾಕಿ. ಗರಗಸದ ಚೌಕಟ್ಟು ಅಗ್ಗದ್ದಾದರೂ ನಡೆಯುತ್ತದೆ, ಅರ ನಡೆಯುವುದಿಲ್ಲ.

ಹೊಸ ಅರವನ್ನು ಉಕ್ಕಿಗೆ ತಾಗಿಸಬೇಡಿ. ಹಿತ್ತಾಳೆಗೆ ಹಲ್ಲು ತುಂಬಾ ಚೂಪಾಗಿರಬೇಕು. ಉಕ್ಕಿನ ಮೇಲೆ ಒಂದಿಷ್ಟು ದಿನ ಓಡಿದ ಅರ ಉಕ್ಕಿಗೆ ಇನ್ನೂ ಬರುತ್ತದೆ, ಹಿತ್ತಾಳೆಯ ಮೇಲೆ ಮಾತ್ರ ಸ್ಕೇಟಿಂಗ್ ಮಾಡುತ್ತದೆ. ಹಾಗಾಗಿ ಹಳೇ ಕೆಲಸಗಾರರು ಹೊಸ ಅರವನ್ನು ಮೊದಲು ಹಿತ್ತಾಳೆಗೆ ಬಳಸಿ, ಅದು ಮೊಂಡಾದ ಮೇಲೆ ಕಬ್ಬಿಣಕ್ಕೆ ಇಳಿಸುತ್ತಾರೆ. ಉಜ್ಜುವಾಗ ಮುಂದಕ್ಕೆ ಮಾತ್ರ ಒತ್ತಿ, ಹಿಂದಕ್ಕೆ ತರುವಾಗ ಎತ್ತಿಬಿಡಿ. ಹಿಂದಕ್ಕೂ ಎಳೆದರೆ ಹಲ್ಲಿನ ತುದಿ ಸವೆಯುತ್ತದೆ, ಕೆಲಸ ಏನೂ ಆಗುವುದಿಲ್ಲ. ಶುರು ಮಾಡುವ ಮೊದಲು ಅರಕ್ಕೆ ಸೀಮೆಸುಣ್ಣ ತಿಕ್ಕಿ, ಪುಡಿ ಹಲ್ಲುಗಳ ನಡುವೆ ಕೂರುವುದು ಕಮ್ಮಿಯಾಗುತ್ತದೆ. ಕಾಲೇಜಿನ ಸೀಮೆಸುಣ್ಣ ಇನ್ನೂ ಮನೆಯಲ್ಲಿದ್ದರೆ ಅದೇ ಆದೀತು.

ಒಳಗಿನ ತಿರುವಿಗೆ ಅರ್ಧ ದುಂಡಿನ ಅರ ಹಾಕುವಾಗ ಒಂದು ಸೂಕ್ಷ್ಮ ಇದೆ. ಅರದ ದುಂಡು ಅಕ್ಷರದ ದುಂಡಿಗಿಂತ ಸ್ವಲ್ಪ ಸಣ್ಣದಿರಬೇಕು. ದೊಡ್ಡದಾದರೆ ಅರದ ಎರಡು ಅಂಚುಗಳು ಹಿತ್ತಾಳೆಯಲ್ಲಿ ಗಾಯ ಮಾಡುತ್ತವೆ. ಮುಂದಕ್ಕೆ ತಳ್ಳುತ್ತಾ ಜೊತೆಗೇ ಸ್ವಲ್ಪ ಪಕ್ಕಕ್ಕೆ ಸರಿಸಿ, ಮಣಿಕಟ್ಟನ್ನೂ ಹೊರಳಿಸಿ. ಬರೀ ನೇರ ತಳ್ಳಿದರೆ ಅಲ್ಲಲ್ಲಿ ಹಳ್ಳ ಬೀಳುತ್ತದೆ. ಕಣ್ಣಿಗಿಂತ ಬೆರಳು ಚೆನ್ನಾಗಿ ಪತ್ತೆ ಹಚ್ಚುತ್ತದೆ, ಕಣ್ಣು ಮುಚ್ಚಿ ಅಂಚಿನ ಮೇಲೆ ಬೆರಳಾಡಿಸಿ ನೋಡಿ. ಮೊದಲು ಅಂಚಿನ ಜಿಬುರು, ಅಂದರೆ ಎದ್ದು ನಿಂತ ಚೂಪು ಎಳೆಗಳನ್ನು, ತೆಗೆದಿರಿ, ಇಲ್ಲದಿದ್ದರೆ ಬೆರಳು ಕೊಯ್ಯುತ್ತದೆ. ಒತ್ತಕ್ಷರದಂಥ ಚಿಕ್ಕ ತುಂಡು ಕೈಯಲ್ಲಿ ನಿಲ್ಲುವುದಿಲ್ಲ. ಅಕ್ಕಸಾಲಿಗರು ಅಂಥದ್ದನ್ನು ಬಿಸಿ ಅರಗಿನಲ್ಲಿ ಅಂಟಿಸಿ ಹಿಡಿಯುತ್ತಾರೆ. ನೀವು ಮರದ ತುಂಡಿಗೆ ಎರಡು ಬದಿ ಅಂಟಿನ ಟೇಪ್ ಹಾಕಿ ಅಂಟಿಸಿಕೊಳ್ಳಿ.

ಕ್ಯಾಲಿಪರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಕೆಟ್ಟಿಲ್ಲ. ಪರದೆಯಲ್ಲಿ 0.01 ಮಿ.ಮೀ.ವರೆಗೆ ಅಂಕಿ ಕಾಣುತ್ತದೆ, ಆದರೆ ಸಾಮಾನ್ಯ ಡಿಜಿಟಲ್ ಕ್ಯಾಲಿಪರಿನ ನಿಖರತೆ 0.02 ಅಥವಾ 0.03 ಮಿ.ಮೀ. ಆಚೀಚೆ. ಹಾಗಾಗಿ 0.91, 0.93 ಎರಡೂ ಒಂದೇ ಉತ್ತರ. ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ದವಡೆಗಳನ್ನು ಕಾಗದದಿಂದ ಒರೆಸಿ, ಮುಚ್ಚಿ, ಸೊನ್ನೆ ಮಾಡಿ. ತಗಡಿನ ಜಿಬುರು ಅರದಿಂದ ತೆಗೆಯಿರಿ. ದವಡೆಯ ತುದಿಯಲ್ಲಿ ಅಳೆಯಬೇಡಿ, ಸ್ಕೇಲಿನ ಹತ್ತಿರದ ಭಾಗದಲ್ಲಿ ಅಳೆಯಿರಿ. ಹೆಬ್ಬೆರಳಿನಿಂದ ಒತ್ತಿದರೆ ದವಡೆ ಸ್ವಲ್ಪ ಓರೆಯಾಗುತ್ತದೆ, ತುದಿಯಲ್ಲಿ ಅದು ಎದ್ದು ಕಾಣುತ್ತದೆ. ನಿಮ್ಮ ಬ್ಲೇಡಿನ ಸೀಳೇ ಕಾಲು ಮಿ.ಮೀ. ಇರುವಾಗ ನೂರನೇ ಒಂದರ ಚಿಂತೆ ಬೇಡ. ಗಣಿತಜ್ಞ ಪಿಯರ್ ವರ್ನಿಯರ್ 1631ರಲ್ಲಿ ಪ್ರಕಟಿಸಿದ ಅಳತೆ ಪಟ್ಟಿಯ ಉಪಾಯ ನಮ್ಮ ಪಿಯುಸಿ ಲ್ಯಾಬುಗಳಲ್ಲಿ ಇಂದಿಗೂ 0.1 ಮಿ.ಮೀ. ಓದಿಸುತ್ತದೆ. ಈ ಫಲಕಕ್ಕೆ ಅಷ್ಟು ಸಾಕು.

ನಿಮ್ಮ ವಯಸ್ಸಿಗೆ ಕ್ಯಾಲಿಪರಿಗಿಂತ ಮುಖ್ಯ ಕಣ್ಣು. ಓದುವ ಕನ್ನಡಕ +2.5 ಇದ್ದರೆ ಅದು ಸುಮಾರು 40 ಸೆಂ.ಮೀ. ದೂರಕ್ಕೆ ಸರಿಹೋಗುತ್ತದೆ. ಪಿನ್ನಿನ ಮೇಲಿನ ಗೀರು ನೋಡಲು ನೀವು 25 ಸೆಂ.ಮೀ. ಹತ್ತಿರ ಹೋಗುತ್ತೀರಿ, ಅಲ್ಲಿ ಎಲ್ಲ ಮಸುಕು. ಆ ದೂರಕ್ಕೆ +4 ಬೇಕು. ತಲೆಗೆ ಹಾಕಿಕೊಳ್ಳುವ ಭೂತಗನ್ನಡಿ, ಎರಡು ಪಟ್ಟು ದೊಡ್ಡದು ಮಾಡುವಂಥದ್ದು, ಇದಕ್ಕೆ ಒಳ್ಳೆಯ ಪರಿಹಾರ. ಬಲಗೈಯವರಾದರೆ ದೀಪ ಎಡಗಡೆಯಿಂದ, ಸ್ವಲ್ಪ ತಗ್ಗಿನಿಂದ ಬೀಳಲಿ. ಓರೆ ಬೆಳಕಿನಲ್ಲಿ ಗೀರಿಗೆ ನೆರಳು ಬರುತ್ತದೆ, ಆಗ ಅದು ಎದ್ದು ಕಾಣುತ್ತದೆ. ಬೆಂಚ್ ಪಿನ್, ಬೆಳಕು, ಕಣ್ಣು ಈ ಮೂರು ಸರಿಯಾದ ಮೇಲೂ ಬ್ಲೇಡ್ ಮುರಿಯುತ್ತಿದ್ದರೆ ಆಗ ಗರಗಸವನ್ನು ಅನುಮಾನಿಸೋಣ.

ಮೋಟಾರಿನ ಉಪಕರಣ ಬೇಡ ಅಂದೆನಲ್ಲ, ಅದಕ್ಕೆ ಕಾರಣ ಇಷ್ಟೇ. ನಿಮಿಷಕ್ಕೆ ಹತ್ತಿಪ್ಪತ್ತು ಸಾವಿರ ಸುತ್ತು ತಿರುಗುವ ಬಿಲ್ಲೆ ದುಂಡು ತಿರುವಿನಲ್ಲಿ ಹೋಗುವುದಿಲ್ಲ, ಜಾರಿದರೆ ಅಕ್ಷರದ ಮೇಲೆ ಗೀಚಿಬಿಡುತ್ತದೆ. ಕೊನೆಯ ಹೊಳಪಿಗೆ ಬೇಕಾದರೆ ಬಳಸಬಹುದು. ಅದಕ್ಕೂ 400, 600, 1000 ನಂಬರಿನ ಉಪ್ಪುಕಾಗದ ಒಂದಾದ ಮೇಲೊಂದು ತಿಕ್ಕಿದರೆ ಕೈಯಲ್ಲೇ ಆಗುತ್ತದೆ.

ಹಲಗೆಗೆ ಕೂರಿಸುವಾಗ ಸುಮ್ನೆ ಅಂಟಿಸಿದರೂ ಆಯಿತು. ಆದರೆ ನಿಮಗೆ ತಾಳ್ಮೆ ಇದ್ದರೆ ಅಕ್ಷರವನ್ನು ಮರದೊಳಗೆ ಇಳಿಸಿ ನೋಡಿ. ಮೈಸೂರಿನಲ್ಲಿ ಬೀಟೆ ಮರದಲ್ಲಿ ಇದನ್ನು ಎಷ್ಟು ಚೆನ್ನಾಗಿ ಮಾಡುತ್ತಾ ಬಂದಿದ್ದಾರೆ ಅಂತ ನೋಡಬೇಕಾದರೆ ಅರಮನೆಯ ಅಂಬಾವಿಲಾಸದ ಬಾಗಿಲುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಅಲ್ಲಿ ಬೀಟೆಯಲ್ಲಿ ಇಳಿಸಿರುವುದು ದಂತ. ಈಗ ದಂತದ ವ್ಯಾಪಾರ ಕಾನೂನಿನಲ್ಲಿ ನಿಷೇಧ, ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನೇ ಇಳಿಸುತ್ತಾರೆ.

ಅಕ್ಷರವನ್ನು ಹಲಗೆಯ ಮೇಲೆ ಎರಡು ಹನಿ ಅಂಟಿನಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿ. ಸ್ಕ್ಯಾಲ್‌ಪೆಲ್ ಅನ್ನುವ ಶಸ್ತ್ರಚಿಕಿತ್ಸೆ ಚಾಕುವಿನ 11ನೇ ನಂಬರಿನ ಚೂಪು ಬ್ಲೇಡನ್ನು 3ನೇ ನಂಬರಿನ ಹಿಡಿಗೆ ಹಾಕಿ, ಅಂಚಿನ ಸುತ್ತ ಗೀರಿ. ಮೊದಲನೇ ಸಲ ತೂಕವೇ ಹಾಕದೆ, ಎರಡನೇ ಸಲ ಸ್ವಲ್ಪ, ಮೂರನೇ ಸಲ ಆಳಕ್ಕೆ. ಮೊದಲೇ ಒತ್ತಿದರೆ ಬ್ಲೇಡ್ ಅಕ್ಷರ ಬಿಟ್ಟು ಮರದ ನಾರಿನ ಹಿಂದೆ ಹೋಗುತ್ತದೆ. ಆಮೇಲೆ ಅಕ್ಷರ ಎತ್ತಿ, ಗೀರಿನ ಒಳಗಿನ ಮರವನ್ನು ಸಣ್ಣ ಉಳಿಯಿಂದ ತೆಗೆಯಿರಿ. ಆಳ ತಗಡಿನ ದಪ್ಪಕ್ಕಿಂತ ಕೂದಲೆಳೆ ಕಮ್ಮಿ ಇರಲಿ. ಅಕ್ಷರದ ಅಂಚನ್ನು ಅರದಿಂದ ಕೆಳಕ್ಕೆ ಸ್ವಲ್ಪ ಕಿರಿದಾಗುವ ಹಾಗೆ ಓರೆ ಮಾಡಿಕೊಂಡರೆ, ಒಳಕ್ಕೆ ಇಳಿದಂತೆಲ್ಲ ಬಿಗಿಯಾಗುತ್ತಾ ಹೋಗುತ್ತದೆ. ಮಳೆಗಾಲದಲ್ಲಿ ಮರ ಅಡ್ಡಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಹಿತ್ತಾಳೆ ಹಾಗೆ ಮಾಡುವುದಿಲ್ಲ. ಹಸಿ ಹಲಗೆ ತೆಗೆದುಕೊಂಡರೆ ಮೊದಲ ಬೇಸಿಗೆಯಲ್ಲೇ ಬಿರುಕು. ಹಳೇ ಬಾಗಿಲಿನ ಅಥವಾ ಮುರಿದ ಮಂಚದ ಸಾಗುವಾನಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ.

ಅರ್ಧ ಕೊರೆದ ಆ ‘ನೆ’ ತಗಡನ್ನು ಎಸೆಯಬೇಡಿ. ಪಿನ್ ಕಟ್ಟಿದ ಮೇಲೆ ಒಂದು ವಾರ ಅದರ ಮೇಲೆ ನೇರ ಗೆರೆ, ಸುತ್ತು, ಮೂಲೆ ಕೊರೆದು ಅಭ್ಯಾಸ ಮಾಡಿ. ಆಮೇಲೆ ಹೊಸ ತಗಡಿನಲ್ಲಿ ‘ದಿ’ಯಿಂದ ಶುರು ಮಾಡಿ, ಆಮೇಲೆ ‘ಮ್ಮ’. ಬಾಗಿಲ ಮುಂದೆ ನಿಂತವರ ಕಣ್ಣು ಮೊದಲು ಬೀಳುವುದು ‘ನೆ’ಯ ಮೇಲೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ, ಅಷ್ಟು ಹೊತ್ತಿಗೆ ನಿಮ್ಮ ಎಡಗೈ ಕಲಿತಿರುತ್ತದೆ.